ಆಲ್‌ಮನ್ ಬ್ರದರ್ಸ್‌ 'ಅಟ್ ಫಿಲ್‌ಮೋರ್ ಈಸ್ಟ್': ಎರಡನೇ ಸೈಡು ನಿಮಗೂ ಹೀಗೇ ಎಳೆಯುತ್ತಾ?

ಶ್ರುತಿಪೆಟ್ಟಿಗೆ:

ಬ್ಲೂಸ್, ರಾಕ್ ವಿಷಯದಲ್ಲಿ ನಾನು ಹೊಸಬಳು, ಮೊದಲೇ ಹೇಳಿಬಿಡ್ತೀನಿ. ಹನುಮಂತನಗರದಲ್ಲಿ ಹುಟ್ಟಿ ಬೆಳೆದವಳು. ಕಿವಿ ತಯಾರಾದದ್ದು ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಲ್ಲಿ, ಅಮ್ಮನ ಪಕ್ಕ ಮಡಚೋ ಕುರ್ಚಿ ಮೇಲೆ. ಪ್ರಶ್ನೆ ಪೆದ್ದಾಗಿದ್ರೆ ಬೈರಿ, ಪರವಾಗಿಲ್ಲ. ಉತ್ತರ ಮಾತ್ರ ಕೊಡಿ.

ನನ್ನ ಸೋದರಮಾವ ಹೋದ ವರ್ಷ ತೀರಿಕೊಂಡ್ರು. ಮದುವೆ ಮಾಡ್ಕೊಂಡಿರಲಿಲ್ಲ. ತ್ಯಾಗರಾಜನಗರದ ಬಾಡಿಗೆ ಮನೆ ಖಾಲಿ ಮಾಡುವಾಗ ಪಾತ್ರೆ ಪಡಗ ಎಲ್ಲ ಚಿಕ್ಕಮ್ಮನ ಪಾಲಾಯ್ತು. ನನಗೆ ಬಂದದ್ದು ಒಂದು ರೆಕಾರ್ಡ್ ಪ್ಲೇಯರ್, ಅದರ ಜೊತೆ ಒರಳುಕಲ್ಲಿನಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬ, ಮೂವತ್ತೊಂದು ಎಲ್‌ಪಿ. 1979ರಲ್ಲಿ ಕಾರ್ಖಾನೆಯವರು ಆರು ತಿಂಗಳ ತರಬೇತಿಗೆ ಅಂತ ಅಮೆರಿಕಕ್ಕೆ ಕಳಿಸಿದಾಗ ಮಾವ ಹೊತ್ತು ತಂದ ಸಾಮಾನು ಇಷ್ಟೇ. ಅಮ್ಮನಿಗೆ ಅಂತ ಒಂದು ಸ್ವೆಟರ್ ತಂದಿದ್ರಂತೆ. ಬೆಂಗಳೂರಿನ ಚಳಿಗೆ ಅದು ಹೆಚ್ಚಾಯ್ತು ಅಂತ ಅಮ್ಮ ಇವತ್ತಿಗೂ ಗೊಣಗ್ತಾರೆ.

ಪ್ಲೇಯರಿನ ಬೆಲ್ಟು ಮಳೆಗಾಲದ ಬೆಲ್ಲದ ಥರ ಕರಗಿ ಅಂಟಿಕೊಂಡಿತ್ತು. ಎಸ್.ಪಿ. ರೋಡ್ ಕಡೆ ಒಬ್ಬ ರಿಪೇರಿಯವರ ಹತ್ರ ಕೊಟ್ಟೆ. ಮೂರು ವಾರ ಇಟ್ಕೊಂಡು, ಹೊಸ ಬೆಲ್ಟು, ಹೊಸ ಮುಳ್ಳು ಹಾಕಿ, 3,800 ರೂಪಾಯಿ ತಗೊಂಡು, "ಫಸ್ಟ್ ಕ್ಲಾಸಾಗಿ ಓಡ್ತಾ ಇದೆ ಮೇಡಂ" ಅಂದ್ರು. ಓಡ್ತಾ ಇರೋದಂತೂ ನಿಜ.

ಈಗ ವಿಷಯಕ್ಕೆ ಬರ್ತೀನಿ. ಮಾವನ ರೆಕಾರ್ಡುಗಳಲ್ಲಿ ಎಲ್ಲಕ್ಕಿಂತ ಸವೆದು ಹೋಗಿರೋದು ಆಲ್‌ಮನ್ ಬ್ರದರ್ಸ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಈ ನಾಲ್ಕು ಸೈಡಿನ ಆಲ್ಬಂ. ಕವರ್ ಮೇಲೆ ಇಟ್ಟಿಗೆ ಗೋಡೆ, ಪೇರಿಸಿಟ್ಟ ಪೆಟ್ಟಿಗೆಗಳು, ಅದರ ಮುಂದೆ ಆರು ಜನ ಬಾಯ್ತುಂಬ ನಗ್ತಾ ಕೂತಿದ್ದಾರೆ. ಎಲ್ಲಿ ನೋಡಿದ್ರೂ ಇದನ್ನ ಲೈವ್ ಆಲ್ಬಂಗಳಲ್ಲೇ ಶ್ರೇಷ್ಠ, ಬೆಂಕಿ, ಬಿರುಗಾಳಿ ಅಂತೆಲ್ಲ ಬರೆದಿದ್ದಾರೆ. ನನಗೆ ಬೆಂಕಿ ಕಾಣ್ತಾ ಇಲ್ಲ.

ಮೊದಲ ಸೈಡ್ ಇಷ್ಟ ಆಯ್ತು. ಮೊದಲ ಹಾಡಲ್ಲಿ ಆ ಜಾರುವ ಗಿಟಾರ್ ಬಂತಲ್ಲ, ಅಮ್ಮ ಅಡುಗೆಮನೆಯಿಂದ "ಯಾರದು, ಗೋಟುವಾದ್ಯ?" ಅಂತ ಕೇಳಿದ್ರು. ಅದರ ನಡೆ ಮಾತ್ರ ದಸರಾ ಆನೆ ನಡೆದ ಹಾಗಿದೆ, ಗಂಭೀರ. ಹಾಡೋರು ಯಾರೋ ಅರವತ್ತು ದಾಟಿದ ಅಜ್ಜ ಇರಬೇಕು, ಗಂಟಲಲ್ಲಿ ಜಲ್ಲಿಕಲ್ಲು. 'ಸ್ಟಾರ್ಮಿ ಮಂಡೇ' ಅಂತೂ ಕರಗಿ ನೀರಾಗೋ ಹಾಗಿದೆ. ಒಂದೊಂದು ಸ್ವರಕ್ಕೂ ಪುರಸೊತ್ತು ಕೊಟ್ಟು ನುಡಿಸಿದ್ದಾರೆ.

ಎರಡನೇ ಸೈಡಿಗೆ ಬಂದ್ರೆ ಇಡೀ ಸೈಡಿಗೆ ಒಂದೇ ಹಾಡು. ನಾನು ಎರಡು ಸಲ ನಿದ್ದೆ ಹೋದೆ, ಸುಳ್ಳಲ್ಲ. ನಾಲ್ಕನೇ ಸೈಡೂ ಒಂದೇ ಹಾಡು, 'ವಿಪಿಂಗ್ ಪೋಸ್ಟ್'. ಮುಳ್ಳು ಇಟ್ಟಾಗ 4 ಗಂಟೆ 10 ನಿಮಿಷ, ಎತ್ತಿದಾಗ 4.38 ಆಗ್ತಾ ಬಂದಿತ್ತು. ನನ್ನ ಕೆಟ್ಟ ಚಟ, ಶ್ರುತಿಪೆಟ್ಟಿಗೆ ಪಕ್ಕಕ್ಕಿಟ್ಟು ನೋಡಿದೆ. ನಾಲ್ಕೂವರೆ ಮನೆಗೆ (ಮನೆ ಅಂದ್ರೆ ನಮ್ಮಲ್ಲಿ ಶ್ರುತಿಯ ಎತ್ತರದ ಲೆಕ್ಕ) ಒಂದು ಚೂರು ಕೆಳಗೆ ನಿಲ್ಲುತ್ತೆ. ಅತ್ತ ನಾಲ್ಕೂವರೆಯೂ ಅಲ್ಲ, ಇತ್ತ ನಾಲ್ಕೂ ಅಲ್ಲ. ಇಷ್ಟು ದೊಡ್ಡ ವಿದ್ವಾಂಸರು ಶ್ರುತಿ ಮಾಡ್ಕೊಳ್ಳದೆ ಕೂತ್ಕೋತಾರಾ?

ಮಾವ ಭಾನುವಾರ ಮಧ್ಯಾಹ್ನ ಹುಳಿಯನ್ನ ಹೊಡೆದು, ಚಾಪೆ ಹಾಸಿ, ಇದನ್ನೇ ಹಾಕ್ತಿದ್ರು. "ನಿದ್ದೆ ಬರಿಸೋಕೇ ಮಾಡಿದ ಸಂಗೀತ ಕಣೇ ಇದು" ಅಂತಿದ್ರು. ಸೈಡ್ ಮುಗಿಯೋ ಮೊದಲೇ ಗೊರಕೆ. ಅವರು ಹೇಳಿದ್ದೇ ಸರೀನಾ, ಇಲ್ಲ ನಾನು ಕೇಳ್ತಿರೋದ್ರಲ್ಲೇ ಏನಾದ್ರೂ ತಪ್ಪಿದೆಯಾ? ಫೋನಲ್ಲಿ ಕೇಳಿಲ್ಲ. ಮಾವನ ರೆಕಾರ್ಡು ಮಾವನ ಪ್ಲೇಯರಿನಲ್ಲೇ ಕೇಳಬೇಕು ಅಂತ ಹಟ.

ಖಂಜಿರ ಕೆಂಪ:

ಅಕ್ಕಾ, 'ವಿಪಿಂಗ್ ಪೋಸ್ಟ್' ಮೊದಲ ಅರ್ಧ ನಿಮಿಷಕ್ಕೆ ತಾಳ ಹಾಕಿ ನೋಡಿದ್ರಾ? ಬೇಸ್ ಗಿಟಾರ್ ಒಂದೇ ಶುರು ಮಾಡುತ್ತಲ್ಲ, ಅಲ್ಲಿಂದ. ನುಡಿಸ್ತಿರೋದು ಬೆರಿ ಓಕ್ಲಿ. ಎಂಟರ ಆದಿತಾಳ ಹಾಕೋಕೆ ಹೋದ್ರೆ ಕೈ ಗಾಳೀಲಿ ನಿಂತುಬಿಡುತ್ತೆ. ಅದು ಹನ್ನೊಂದು. ತಕಿಟ ತಕಿಟ ತಕಿಟ ತಕ, ತಕಿಟ ತಕಿಟ ತಕಿಟ ತಕ. ಹೇಳ್ಕೊಂಡೇ ಕೇಳಿ, ಬೆರಳು ತಾನೇ ಕೂತ್ಕೊಳ್ಳುತ್ತೆ.

ನಮ್ಮಲ್ಲಿ ತಿಶ್ರ ಜಾತಿ ಧ್ರುವಕ್ಕೂ ಹನ್ನೊಂದೇ ಅಕ್ಷರ, ಆದ್ರೆ ಅದು ಮೂರು, ಎರಡು, ಮೂರು, ಮೂರು. ಇವರಲ್ಲಿ ದ್ರುತ, ಅಂದ್ರೆ ಆ ಎರಡಕ್ಷರ, ಕೊನೆಗೆ ಬಿದ್ದಿದೆ. ಅದಕ್ಕೇ ಪ್ರತಿ ಆವರ್ತದಲ್ಲೂ ಮುಗಿಯೋ ಮೊದಲೇ ಯಾರೋ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದ ಹಾಗಾಗುತ್ತೆ. ಹಾಡು ಶುರುವಾದ ಮೇಲೆ ಹನ್ನೆರಡರ ಲೆಕ್ಕಕ್ಕೆ ಇಳಿಯುತ್ತೆ, ಹನ್ನೊಂದು ಇರೋದು ಈ ಶುರುವಿನ ತುಣುಕಿನಲ್ಲಿ. ತಮಾಷೆ ಅಂದ್ರೆ ಹಾಡು ಬರೆದ ಗ್ರೆಗ್ ಆಲ್‌ಮನ್‌ಗೆ ಅದು ಹನ್ನೊಂದು ಅಂತಲೇ ಗೊತ್ತಿರಲಿಲ್ಲವಂತೆ. ಅಣ್ಣ ಡ್ವೇನ್ ಎಣಿಸಿ ಹೇಳಿದ ಮೇಲೇ ಗೊತ್ತಾಗಿದ್ದು. ಲಯ ಮೈಯಲ್ಲಿದ್ರೆ ಲೆಕ್ಕ ಆಮೇಲೆ ಬರುತ್ತೆ. ನಮ್ಮ ಮೇಷ್ಟ್ರು ಮಾತ್ರ ಇದನ್ನ ಒಪ್ಪಲ್ಲ, ಮೊದಲು ಲೆಕ್ಕ ಒಪ್ಪಿಸು ಅಂತಾರೆ.

ಇನ್ನೊಂದು, ಅಲ್ಲಿರೋದು ಇಬ್ಬರು ಡ್ರಮ್ಮರ್‌ಗಳು. ಬುಚ್ ಟ್ರಕ್ಸ್ ರೈಲಿನ ಹಾಗೆ ನೇರ ಹೊಡೀತಾನೆ, ಜೇಮೋ ಅದರ ಸುತ್ತ ಜಾಜ್ ಥರ ಚಿತ್ತಾರ ಬಿಡಿಸ್ತಾನೆ. ಮೃದಂಗಕ್ಕೆ ಘಟ ಕೂತ ಹಾಗೆ. ಕೇಳುವಾಗ ಒಂದು ಕಿವಿ ಇವನಿಗೆ, ಒಂದು ಕಿವಿ ಅವನಿಗೆ ಕೊಡಿ. ನಿದ್ದೆ ಹೇಗೆ ಬರುತ್ತೋ ನೋಡೋಣ. ತನಿ ಆವರ್ತನ, ಅಂದ್ರೆ ಬರೀ ಲಯವಾದ್ಯಗಳ ಸರದಿ, ಶುರುವಾದ ತಕ್ಷಣ ಬೋಂಡ ತಿನ್ನೋಕೆ ಏಳೋ ಗುಂಪಿನವರಲ್ಲ ತಾನೆ ನೀವು?

ಎರಡೂವರೆ ನಿಮಿಷ:

ನಾನು ಆ ಬೋಂಡ ಗುಂಪಿನವನೇ, ನಾಚಿಕೆ ಇಲ್ಲ.

ನಿಮ್ಮ ಕಿವಿ ಸರಿಯಾಗೇ ಇದೆ ಮೇಡಂ. ಹತ್ತೊಂಬತ್ತು ನಿಮಿಷದ ಹಾಡಲ್ಲಿ ಹಾಡಿರೋದು ಮೂರೋ ನಾಲ್ಕೋ ಸಾಲು, ಉಳಿದದ್ದು "ನೀನು ನುಡಿಸು, ಈಗ ನಾನು ನುಡಿಸ್ತೀನಿ" ಅನ್ನೋ ಸೌಜನ್ಯ. ರೂಟ್ಸ್ ರಾಕ್, ಅಂದ್ರೆ ಹಳೇ ಬ್ಲೂಸ್, ಕಂಟ್ರಿ ಬೇರಿನ ರಾಕ್ ಬೇಕು ಅಂದ್ರೆ ಕ್ರೀಡೆನ್ಸ್ ಅನ್ನೋ ಬ್ಯಾಂಡ್ ಕೇಳಿ. 1969 ಒಂದೇ ವರ್ಷದಲ್ಲಿ ಮೂರು ಆಲ್ಬಂ ಬಿಟ್ರು. ಹೆಚ್ಚಿನ ಹಾಡುಗಳು ಬಿ.ಎಂ.ಟಿ.ಸಿ. ಬಸ್ಸು ಸಿಗ್ನಲ್ಲಲ್ಲಿ ನಿಂತು ಹೊರಡೋಷ್ಟರಲ್ಲಿ ಮುಗೀತವೆ. ಹೇಳೋದು ಹೇಳಿ, ಬಾಗಿಲು ಹಾಕ್ಕೊಂಡು ಹೋಗ್ತಾರೆ. ಅಡುಗೆ ರುಚಿಯಾಗಿದ್ರೆ ಒಂದು ಸೌಟು ಸಾಕು.

ಖಂಜಿರ ಕೆಂಪ:

ನಿಮ್ಮ ಕ್ರೀಡೆನ್ಸ್‌ನವರೇ 1970ರ ಆಲ್ಬಂನಲ್ಲಿ ಒಂದು ಹಾಡನ್ನ ಹನ್ನೊಂದು ನಿಮಿಷ ಎಳೆದಿದ್ದಾರಲ್ಲ ಸ್ವಾಮಿ, ಅದು ಯಾವ ಸಿಗ್ನಲ್ಲು? ಸಿಲ್ಕ್ ಬೋರ್ಡಾ?

ಹಳೇ ಕ್ಯಾಸೆಟ್:

ಜಗಳ ಆಮೇಲೆ ಆಡ್ಕೊಳ್ರಪ್ಪ. ಶ್ರುತಿಪೆಟ್ಟಿಗೆಯವರೇ, ನೀವು ಬರೆದದ್ರಲ್ಲಿ ಒಂದು ಮಾತು ನನಗೆ ತಲೆ ಕೆಡಿಸ್ತು. ಅರವತ್ತು ದಾಟಿದ ಅಜ್ಜ ಅಂದ್ರಲ್ಲ, ಯಾರಮ್ಮಾ ಅದು? ಹಾಡಿರೋ ಗ್ರೆಗ್ ಆಲ್‌ಮನ್‌ಗೆ ಆಗ 23 ವರ್ಷ. ಜಾರುವ ಗಿಟಾರ್ ನುಡಿಸಿದ ಡ್ವೇನ್‌ಗೆ 24. ದನಿ ಗಡಸು ಹೌದು, ಆದ್ರೆ ಅಜ್ಜನ ದನಿ ಅಂತ ಯಾರೂ ಹೇಳಲ್ಲ. ನನ್ನ ಕಿವಿಗೆ ಅದು ರಾತ್ರಿಯೆಲ್ಲ ಊರು ಸುತ್ತಿ ಬಂದ ಹುಡುಗನ ದನಿ.

ನನ್ನ ಕಥೆ ಕೇಳಿ. 1984ರಲ್ಲಿ ಕಾಲೇಜು. ಎಲ್‌ಪಿ ಕೊಳ್ಳೋ ಕಾಸೆಲ್ಲಿ, ಇದ್ದ ಒಬ್ಬ ಶ್ರೀಮಂತ ಗೆಳೆಯನ ಮನೆಯಿಂದ ಕ್ಯಾಸೆಟ್ಟಿಗೆ ಇಳಿಸ್ಕೊಳ್ಳೋದು. ನನ್ನ ಹತ್ರ ಇದ್ದದ್ದು ಸಿ-60, ಅಂದ್ರೆ ಒಂದು ಕಡೆಗೆ ಮೂವತ್ತು ನಿಮಿಷ. ಆಲ್ಬಂ ಇರೋದು 78 ನಿಮಿಷದ ಹತ್ರ. ಏನಾಯ್ತು ಅಂದ್ರೆ, ಎರಡನೇ ಸೈಡಿನ ಹಾಡು ಹನ್ನೆರಡು ನಿಮಿಷಕ್ಕೆ ಖಟ್. ತಿರುಗಿಸಿ ಹಾಕಿದ್ರೆ 'ವಿಪಿಂಗ್ ಪೋಸ್ಟ್' ಕೂಡ ಹನ್ನೆರಡು ನಿಮಿಷಕ್ಕೆ ಖಟ್. ಆರು ವರ್ಷ ಅಷ್ಟೇ ಕೇಳಿದ್ದೀನಿ. ನನ್ನ ಪಾಲಿಗೆ ಆ ಖಟ್ ಅನ್ನೋದೇ ಹಾಡಿನ ಮುಕ್ತಾಯ ಆಗಿತ್ತು. 1990ರಲ್ಲಿ ಮೊದಲ ಸಂಬಳದಲ್ಲಿ ಸಿ-90 ತಂದು ಪೂರ್ತಿ ಇಳಿಸ್ಕೊಂಡಾಗ, ಹನ್ನೆರಡನೇ ನಿಮಿಷ ದಾಟಿದ್ದೇ ತಡ, ಅಡ್ರೆಸ್ ಇಲ್ಲದ ಊರಿಗೆ ಬಸ್ ಇಳಿದ ಹಾಗಾಯ್ತು.

ಆ ಎರಡನೇ ಸೈಡಲ್ಲಿ ಒಂದು ಜಾಗ ಇದೆ. ಬ್ಯಾಂಡ್ ಎಲ್ಲ ನಿಂತು ಡ್ವೇನ್ ಒಬ್ಬನೇ ನುಡಿಸ್ತಾನೆ. ಒಂದು ಕ್ಷಣ ಎಲ್ಲ ಸ್ತಬ್ಧ. ಆಗ ಜನರ ಮಧ್ಯದಿಂದ ಒಬ್ಬ ಪುಣ್ಯಾತ್ಮ "ರಾತ್ರಿಯೆಲ್ಲ ನುಡಿಸಿ" ಅಂತ ಕೂಗ್ತಾನೆ. ಮುಗಿಯೋ ಹೊತ್ತಿಗೆ ಡ್ವೇನ್ ಕ್ರಿಸ್‌ಮಸ್ ಹಾಡಿನ ಒಂದು ಸಾಲು ನುಡಿಸಿ ಇಳಿಸ್ತಾನೆ. ನಾನು ಆ ಕೂಗಿಗೋಸ್ಕರ ಕಾಯ್ತೀನಿ. ಇವತ್ತಿಗೂ.

ಇದು ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಅನ್ನೋ ಹಾಲಲ್ಲಿ 1971ರ ಮಾರ್ಚಿನಲ್ಲಿ ಆದ ಕಚೇರಿ. ಟಾಮ್ ಡೌಡ್ ನಿರ್ಮಾಪಕ. ಜುಲೈನಲ್ಲಿ ರೆಕಾರ್ಡ್ ಬಂತು, ಅಷ್ಟರಲ್ಲಿ ಆ ಹಾಲೇ ಮುಚ್ಚಿತ್ತು. ಅಕ್ಟೋಬರ್ 29ಕ್ಕೆ ಡ್ವೇನ್ ಮೋಟರ್‌ಸೈಕಲ್ ಅಪಘಾತದಲ್ಲಿ ಹೋದ. ಒಂದು ವರ್ಷದ ಮೇಲೆ ಓಕ್ಲಿ ಕೂಡ, ಅದೇ ಮೇಕನ್ ಊರಲ್ಲಿ, ಅದೇ ಥರ ಅಪಘಾತ, ಸ್ವಲ್ಪವೇ ದೂರದಲ್ಲಿ. ನಿಮ್ಮ ಕವರ್ ಮೇಲಿನ ಗೋಡೆ ಕೂಡ ಆ ಮೇಕನ್‌ದೇ, ನ್ಯೂಯಾರ್ಕಿನದಲ್ಲ. ಬೆಳಗ್ಗೆ ಬೆಳಗ್ಗೆ ಫೋಟೋ ಅಂತ ಎಲ್ಲರೂ ಮುಖ ಗಂಟು ಹಾಕ್ಕೊಂಡು ಕೂತಿದ್ರಂತೆ. ಅಷ್ಟರಲ್ಲಿ ಗಾಂಜಾ ಗೀಂಜಾ ಮಾರೋ ಪರಿಚಯದವನೊಬ್ಬ ಆ ಕಡೆ ಹೋಗ್ತಿದ್ದ. ಡ್ವೇನ್ ಎದ್ದು ಓಡಿ, ಪೊಟ್ಟಣ ಇಸ್ಕೊಂಡು ಬಂದು, ಏನೂ ಆಗದವನ ಹಾಗೆ ಕೈ ಮುಚ್ಚಿ ಕೂತ. ಆ ನಗು ಅದಕ್ಕೆ. ನಿಮ್ಮ ಮಾವನಿಗೆ ಈ ಕಥೆ ಗೊತ್ತಿದ್ರೆ ನಿಮಗೆ ಹೇಳ್ತಿರಲಿಲ್ಲ ಬಿಡಿ.

ಗೋಟುವಾದ್ಯ ಅಂದ ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ತತ್ವ ಒಂದೇ, ಮೆಟ್ಟಿಲು ಬಿಟ್ಟು ತಂತಿ ಮೇಲೆ ಜಾರೋದು. ಡ್ವೇನ್ ಬೆರಳಿಗೆ ಹಾಕ್ಕೊಳ್ತಿದ್ದದ್ದು ಕೊರಿಸಿಡಿನ್ ಅನ್ನೋ ನೆಗಡಿ ಮಾತ್ರೆಯ ಖಾಲಿ ಗಾಜಿನ ಬಾಟ್ಲಿ. ನೆಗಡಿಯಾಗಿ ಮಲಗಿದ್ದಾಗ ತಮ್ಮ ಗ್ರೆಗ್ ಆ ಮಾತ್ರೆ, ಜೊತೆಗೆ ತಾಜ್ ಮಹಲ್ ಅನ್ನೋ ಗಾಯಕನ ರೆಕಾರ್ಡು ತಂದುಕೊಟ್ಟಿದ್ದ. ಆ ರೆಕಾರ್ಡಲ್ಲಿ 'ಸ್ಟೇಟ್ಸ್‌ಬರೋ ಬ್ಲೂಸ್' ಇತ್ತು. ಮಾತ್ರೆ ಚೆಲ್ಲಿ, ಬಾಟ್ಲಿ ತೊಳೆದು ಅಭ್ಯಾಸ ಶುರು ಮಾಡಿದ. ಅದೇ ನಿಮ್ಮ ಮೊದಲ ಸೈಡಿನ ಮೊದಲ ಹಾಡು.

ಅದು ಆನೆ ನಡಿಗೆ ಅಂತೀರಲ್ಲ, ಅದೇ ನನಗೆ ಅರ್ಥ ಆಗ್ತಿಲ್ಲ. ಅದು ಕುದುರೆ ಕಣಮ್ಮ.

ಸೋಲ್ಡರ್ ಸ್ವಾಮಿ:

ಸಂಗೀತ ನನಗೆ ಅಷ್ಟಕ್ಕಷ್ಟೆ, ಕರೆಂಟ್ ಗೊತ್ತು. ಮೂರು ಸುಳಿವು ಕೊಟ್ಟಿದ್ದೀರಿ. ಅಜ್ಜನ ದನಿ. ಇಪ್ಪತ್ತೆಂಟು ನಿಮಿಷ. ಅಮೆರಿಕದ ಪ್ಲೇಯರಿಗೆ ಟ್ರಾನ್ಸ್‌ಫಾರ್ಮರ್ ಡಬ್ಬ.

ನಿಮ್ಮ ಪ್ಲೇಯರ್ ನಿಧಾನ ತಿರುಗ್ತಾ ಇದೆ. ಬೆಲ್ಟಿನ ತಪ್ಪಲ್ಲ, ರಿಪೇರಿಯವರ ತಪ್ಪು ಅಂದ್ರೆ ಇಷ್ಟೇ, ಅವರು ವೇಗ ಅಳೆದು ನೋಡಲಿಲ್ಲ.

ಅಮೆರಿಕದ ಕರೆಂಟು 120 ವೋಲ್ಟು, 60 ಹರ್ಟ್ಸ್. ನಮ್ಮದು 230 ವೋಲ್ಟು, 50 ಹರ್ಟ್ಸ್. ಹರ್ಟ್ಸ್ ಅಂದ್ರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತೆ ಅನ್ನೋದು. ಆ ಡಬ್ಬ ವೋಲ್ಟೇಜನ್ನ ಮಾತ್ರ ಇಳಿಸುತ್ತೆ, ಹರ್ಟ್ಸನ್ನ ಮುಟ್ಟೋದೇ ಇಲ್ಲ. ಆ ಕಾಲದ ಬೆಲ್ಟ್ ಪ್ಲೇಯರುಗಳಲ್ಲಿ ಬಹಳಷ್ಟಕ್ಕೆ ಸಿಂಕ್ರೊನಸ್ ಮೋಟರು. ಅದಕ್ಕೆ ಸ್ವಂತ ವೇಗ ಅಂತ ಇಲ್ಲ, ಕರೆಂಟು ಹಾಕೋ ತಾಳಕ್ಕೆ ಕಟ್ಟುಬಿದ್ದು ತಿರುಗುತ್ತೆ. ಅರವತ್ತರ ತಾಳಕ್ಕೆ ಮಾಡಿದ ಮೋಟರಿಗೆ ಐವತ್ತರ ತಾಳ ಹಾಕಿದ್ರೆ ಆರರಲ್ಲಿ ಐದು ಭಾಗ ವೇಗ. ನಿಮಿಷಕ್ಕೆ 33⅓ ಸುತ್ತು ಬರಬೇಕಾದ ತಟ್ಟೆ 27.8 ಸುತ್ತು ಬರುತ್ತೆ. 23 ನಿಮಿಷದ ಹಾಡು 27 ನಿಮಿಷ 36 ಸೆಕೆಂಡ್ ಆಗುತ್ತೆ. ನಿಮ್ಮ ಗಡಿಯಾರಕ್ಕೆ ಸರಿಹೋಯ್ತಾ?

ಶ್ರುತಿ ಲೆಕ್ಕ ಹಾಕಿದ್ರೆ ಮೂರು ಅರ್ಧಸ್ವರಕ್ಕಿಂತ ಒಂದು ಚೂರು ಜಾಸ್ತಿ ಇಳಿಯಬೇಕು. ಮನೆ ಗಿನೆ ಲೆಕ್ಕ ನನಗೆ ಬರಲ್ಲ, ಬಲ್ಲವರು ಹೇಳಿ.

ನಂಬಿಕೆ ಬರದಿದ್ರೆ ಒಂದು ಪರೀಕ್ಷೆ. ರೆಕಾರ್ಡಿನ ಅಂಚಿಗೆ ಒಂದು ತುಂಡು ಕಾಗದ ಅಂಟಿಸಿ. ಮೂರು ನಿಮಿಷ ಅಲಾರಂ ಇಡಿ. ಕಾಗದ ಎಷ್ಟು ಸಲ ಮುಂದೆ ಹಾದುಹೋಯ್ತು ಎಣಿಸಿ. ಸರಿಯಾದ ಪ್ಲೇಯರಿನಲ್ಲಿ ನೂರು ಬರಬೇಕು.

ಖಂಜಿರ ಕೆಂಪ:

ಅಯ್ಯೋ! 'ವಿಪಿಂಗ್ ಪೋಸ್ಟ್' ಇರೋದು ಎ ಮೈನರ್, ಅಂದ್ರೆ ಆರು ಮನೆ. ಮೂರು ಅರ್ಧಸ್ವರ ಇಳಿಸಿದ್ರೆ ನಾಲ್ಕೂವರೆ. ಅದಕ್ಕೆ ಒಂದು ಚೂರು ಕೆಳಗೆ ಅಂತ ಅಕ್ಕ ಮೊದಲೇ ಬರೆದಿದ್ದಾರೆ! ಕಿವಿ ಅಂದ್ರೆ ಕಿವಿ. ನಾನೊಬ್ಬ ದಡ್ಡ, ಹನ್ನೊಂದು ಎಣಿಸ್ಕೊಂಡು ಕೂತಿದ್ದೆ.

ಶ್ರುತಿಪೆಟ್ಟಿಗೆ:

ಎಣಿಸಿದೆ. ಹಳೇ ಮದುವೆ ಕರೆಯೋಲೆಯ ಅರಿಶಿನ ಬಣ್ಣದ ಮೂಲೆ ಕತ್ತರಿಸಿ ಅಂಟಿಸಿದೆ. ಅಮ್ಮ ಒಂದು ಕಡೆ ಕೂತು ಪ್ರತಿ ಸುತ್ತಿಗೂ ಒಂದು ಹುಣಸೆ ಬೀಜ ಬಟ್ಟಲಿಗೆ ಹಾಕಿದ್ರು, ನಾನು ಇನ್ನೊಂದು ಕಡೆ ಬಾಯಲ್ಲಿ ಎಣಿಸಿದೆ. ನನ್ನ ಲೆಕ್ಕ 83. ಅಮ್ಮನ ಬಟ್ಟಲಲ್ಲಿ 84 ಬೀಜ, ಒಂದು ಕೈಜಾರಿದ್ದು ಅಂತ ಅವರೇ ಒಪ್ಪಿಕೊಂಡ್ರು.

ಸ್ವಾಮಿಯವರೇ, ನಿಮ್ಮ ಕಾಲಿಗೆ ಅಡ್ಡ ಬೀಳಬೇಕು. ಆದ್ರೆ ಒಂದು ಯೋಚನೆ ಬಂದು ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಮಾವ 1979ರಿಂದ ಇದನ್ನ ಹೀಗೇ ಕೇಳಿದ್ದಾರೆ. ನಲವತ್ತು ವರ್ಷ! ನಿದ್ದೆ ಬರಿಸೋ ಸಂಗೀತ ಅಂದದ್ದು ಅದಕ್ಕೇ. ಅಮೆರಿಕದಲ್ಲಿ ಅಂಗಡಿಯಲ್ಲೋ ಗೆಳೆಯರ ಮನೆಯಲ್ಲೋ ಸರಿಯಾದ ವೇಗದಲ್ಲಿ ಕೇಳಿಯೇ ಕೊಂಡಿರಬೇಕಲ್ಲ, ಗೊತ್ತಾಗಲಿಲ್ವಾ? ಇಲ್ಲ, ಊರಿಗೆ ಬಂದ ಮೇಲೆ ಎಲ್ಲವೂ ನಿಧಾನ ಆಗೋದು ಸಹಜ ಅಂದ್ಕೊಂಡ್ರಾ?

ನಿಮಿಷಕ್ಕೆ 45 ಸುತ್ತಿನ ಗುಂಡಿ ಒತ್ತಿ ನೋಡಿದೆ. ಗ್ರೆಗ್ ಮಹಾಶಯರು ಅಜ್ಜನಿಂದ ನೇರವಾಗಿ ಮೊಮ್ಮಗ ಆಗಿಬಿಟ್ರು. ಮನೆಯವರು ಹೊಟ್ಟೆ ಹುಣ್ಣಾಗೋಷ್ಟು ನಕ್ಕರು.

ಎರಡೂವರೆ ನಿಮಿಷ:

ನೋಡಿ, ನಿಮಗೆ ಬೋರಾಗಿದ್ದು ಯಾಕೆ ಅಂತ ಗೊತ್ತಾಯ್ತಲ್ಲ. ಹತ್ತೊಂಬತ್ತು ನಿಮಿಷವೇ ಹೆಚ್ಚು, ನೀವು ಇಪ್ಪತ್ಮೂರು ಕೇಳಿದ್ದೀರಿ. ಪದಕ ಕೊಡಬೇಕು. ಆದ್ರೆ ನನ್ನ ಅಭಿಪ್ರಾಯ ಬದಲಾಗಲ್ಲ.

ಸೋಲ್ಡರ್ ಸ್ವಾಮಿ:

45 ಒತ್ತಿದ್ರೆ 37.5 ಬರುತ್ತೆ, ಹೆಚ್ಚಾಯ್ತು. ದಾರಿ ಎರಡು. ಒಂದು, 60 ಹರ್ಟ್ಸ್ ತಯಾರಿಸಿ ಕೊಡೋ ಪೆಟ್ಟಿಗೆ. ಖರ್ಚು. ಎರಡು, ಮೋಟರಿನ ತಲೆ ಮೇಲಿರೋ ಪುಲ್ಲಿ ಬದಲಾಯಿಸೋದು. ಕಂಪನಿಯವರೇ ಎರಡೂ ದೇಶಕ್ಕೆ ಬೇರೆ ಬೇರೆ ಪುಲ್ಲಿ ಮಾಡ್ತಿದ್ರು, ಈಗ ಹುಡುಕೋದು ಕಷ್ಟ. ಹಿತ್ತಾಳೆಯಲ್ಲಿ ಕಡೆಸಿಬಿಡಿ. ಈಗಿರೋದರ ಅಳತೆಗೆ 1.2 ಪಟ್ಟು, ಅದರ ಮೇಲೆ ಕೂದಲೆಳೆ ಹೆಚ್ಚು. ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತೆ, ಅದಕ್ಕೆ. ಎರಡು ಮೆಟ್ಟಿಲಿರುತ್ತೆ, 33ಕ್ಕೆ ಒಂದು, 45ಕ್ಕೆ ಒಂದು. ಎರಡನ್ನೂ ಹೇಳಿ ಮಾಡಿಸಿ. ದಪ್ಪ ಆದ್ರೆ ಉಜ್ಜಿ ಸರಿ ಮಾಡಬಹುದು, ಸಣ್ಣ ಆದ್ರೆ ಮುಗೀತು.

ಹಳೇ ಪುಲ್ಲಿ ಎಸೀಬೇಡಿ.

ಹಳೇ ಕ್ಯಾಸೆಟ್:

ಪುಲ್ಲಿ ಬರೋವರೆಗೆ ಒಂದು ವಿಷಯ. ನಿಮಗೆ ಇಷ್ಟ ಅಂದ್ರಲ್ಲ 'ಸ್ಟಾರ್ಮಿ ಮಂಡೇ', ಎಲ್‌ಪಿಯಲ್ಲಿರೋದು ಕತ್ತರಿ ಹಾಕಿದ್ದು. ಮಧ್ಯದಲ್ಲಿ ಮೌತ್ ಆರ್ಗನ್ ಇತ್ತು, ತೆಗೆದುಬಿಟ್ರು. 1992ರಲ್ಲಿ ಟಾಮ್ ಡೌಡ್ ಮತ್ತೆ ಮಿಕ್ಸ್ ಮಾಡಿ ತಂದ ಸಿ.ಡಿ.ಯಲ್ಲಿ ಅದು ವಾಪಸ್ ಬಂತು. ನನಗೆ ಕತ್ತರಿಸಿದ್ದೇ ಇಷ್ಟ. ಖಟ್ ಅನ್ನೋದಕ್ಕೆ ಒಗ್ಗಿದ ಕಿವಿ ನೋಡಿ.

ಶ್ರುತಿಪೆಟ್ಟಿಗೆ:

ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಕಲಾಸಿಪಾಳ್ಯದ ಹತ್ರ ಒಂದು ಲೇತ್ ಅಂಗಡಿ, ಎರಡು ಆಳು ನಿಂತ್ರೆ ಮೂರನೆಯವರಿಗೆ ಜಾಗ ಇಲ್ಲ. ಪುಲ್ಲಿಯನ್ನ ಅಂಗೈಯಲ್ಲಿಟ್ಟು ಕೊಟ್ಟೆ. "ಯಾವ ಗಾಡಿದು ಅಕ್ಕ ಇದು?" ಅಂದ್ರು. ರೆಕಾರ್ಡ್ ಪ್ಲೇಯರಿಂದು ಅಂದೆ. ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಇಷ್ಟು ಸಣ್ಣದಕ್ಕೆ ದುಡ್ಡು ಎಷ್ಟು ಅಂತ ಕೇಳಲಿ" ಅಂತ ಯೋಚಿಸಿ 600 ಅಂದ್ರು. ಹಿತ್ತಾಳೆ ಕಡ್ಡಿ ಲೇತಿಗೆ ಕಚ್ಚಿಸಿ ಕಡೆದ್ರು. ಚಿನ್ನದ ಎಳೆ ಥರ ಸುರುಳಿ ಸುರುಳಿಯಾಗಿ ಬೀಳ್ತಿತ್ತು, ನಾನು ಒಂದು ಸುರುಳಿ ಎತ್ತಿ ಪರ್ಸಿಗೆ ಹಾಕ್ಕೊಂಡೆ.

ಮನೆಗೆ ತಂದು ಹಾಕಿದ್ರೆ 102 ಸುತ್ತು. ದಪ್ಪ ಆಗಿತ್ತು, ಸ್ವಾಮಿಯವರು ಹೇಳಿದ ಹಾಗೇ ಪುಣ್ಯಕ್ಕೆ ದಪ್ಪವೇ ಆಗಿತ್ತು. ಬೆಲ್ಟು ತೆಗೆದು, ಮೋಟರು ತಿರುಗ್ತಿರುವಾಗಲೇ ಸಣ್ಣ ಎಮರಿ ಕಾಗದ ತಾಗಿಸಿ, ನಿಲ್ಲಿಸಿ, ಬೆಲ್ಟು ಹಾಕಿ, ಎಣಿಸಿ, ಮತ್ತೆ ತೆಗೆದು. ಹುಣಸೆ ಬೀಜ ಸಾಲದೆ ಅವರೆಕಾಳು ಬಂತು. ಐದನೇ ಸಲಕ್ಕೆ ನೂರು.

ಮೊದಲ ಸೈಡ್ ಹಾಕಿದೆ. ಕ್ಯಾಸೆಟ್ ಸರ್, ಕುದುರೆ. ಒಪ್ಪಿದೆ. ನಾನು ಆನೆ ಅಂದದ್ದನ್ನ ಮರೆತುಬಿಡಿ. ಆ ಜಾರುವ ಗಿಟಾರ್ ಮೊದಲು ಅಳ್ತಿತ್ತು, ಈಗ ಚುಡಾಯಿಸುತ್ತೆ. ಹಾಡೋನು ನಿಜವಾಗ್ಲೂ ಹುಡುಗ.

ಮೂರನೇ ಸೈಡಿನಲ್ಲಿ ಹದಿಮೂರು ನಿಮಿಷದ ಒಂದು ಗಿಟಾರ್ ಕೃತಿ ಇದೆಯಲ್ಲ, ಡಿಕಿ ಬೆಟ್ಸ್ ಮಾಡಿದ್ದು, ಮೇಕನ್‌ನ ಸ್ಮಶಾನದ ಒಂದು ಸಮಾಧಿಕಲ್ಲಿನಿಂದ ಹೆಸರು ತಗೊಂಡದ್ದು. ಅದರ ಬಗ್ಗೆ ನಾನು ಮೊದಲು ಏನೂ ಬರೆದಿರಲಿಲ್ಲ, ಯಾಕಂದ್ರೆ ಅದು ಅಸ್ಪಷ್ಟವಾಗಿ ತೇಲ್ತಿತ್ತು. ಈಗ ಶ್ರುತಿಪೆಟ್ಟಿಗೆ ಆರು ಮನೆಗೆ ಇಟ್ರೆ ಗಟ್ಟಿಯಾಗಿ ಕೂರುತ್ತೆ. ಹಾಗೇ ಕೂತು ಕೇಳ್ತಾ ಇದ್ರೆ ಒಂದೊಂದೇ ಸ್ವರ ಬಂದು ನಿಲ್ಲುತ್ತೆ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಖರಹರಪ್ರಿಯ ರಾಗದ ಮೆಟ್ಟಿಲು! ಗಮಕ ಇಲ್ಲ, ಅದು ರಾಗ ಅಲ್ಲ, ಕೆಂಪ ಅವರ ಮೇಷ್ಟ್ರು ನನ್ನನ್ನ ಹೊಡೀತಾರೆ, ಆದ್ರೂ ಮೆಟ್ಟಿಲು ಅದೇ. ಶುರುವಿನಲ್ಲಿ ಬೆಟ್ಸ್ ತಂತಿ ಮೀಟಿದ ಸದ್ದು ಕೇಳದ ಹಾಗೆ ದನಿಯ ಗುಂಡಿಯನ್ನ ಮೆಲ್ಲಗೆ ಏರಿಸ್ತಾ ಹೋಗ್ತಾನೆ, ಕಮಾನು ಎಳೆದ ಪಿಟೀಲಿನ ಹಾಗೇ ಕೇಳುತ್ತೆ. ಈ ಆಲ್ಬಂನಲ್ಲಿ ನನಗೆ ಬೇಕಾದದ್ದು ಇದೊಂದೇ ಸೈಡ್ ಅಂದ್ರೂ ಸರಿಯೇ.

ನಾಲ್ಕನೇ ಸೈಡಿಗೆ ತಕಿಟ ತಕಿಟ ತಕಿಟ ತಕ ಹಾಕಿದೆ. ನಾಲ್ಕನೇ ಆವರ್ತದಲ್ಲಿ ಕೈ ಸರಿಹೋಯ್ತು. ಮಧ್ಯೆ ಎಲ್ಲ ನಿಂತುಹೋಗಿ, ಮಳೆ ಬಿಟ್ಟ ಮೇಲೆ ಮರ ಹನಿಸೋ ಹಾಗೆ ಒಂದೊಂದೇ ಸ್ವರ ಬೀಳೋ ಜಾಗ ಇದೆ. ಅಲ್ಲಿ ನಾನು ಉಸಿರು ಬಿಗಿ ಹಿಡಿದಿದ್ದೆ, ಅಷ್ಟು ಹೊತ್ತಿಗೆ ಗ್ಯಾಸ್‌ನವನು ಬೆಲ್ ಒತ್ತಿದ.

ಎರಡನೇ ಸೈಡ್? ಎರಡೂವರೆ ನಿಮಿಷದವರೇ, ಕೈ ಕೊಡಿ. ಹತ್ತೊಂಬತ್ತೂ ಹೆಚ್ಚೇ. ಡ್ವೇನ್ ಒಬ್ಬನೇ ನುಡಿಸೋದು, ಆ ಕೂಗು, ಅಷ್ಟು ಮಾತ್ರ ಕೇಳ್ತೀನಿ. ಅದು ಎಲ್ಲಿ ಬರುತ್ತೆ ಅಂತ ಗೆರೆ ನೋಡಿ ಗುರುತು ಹಿಡಿದಿದ್ದೀನಿ, ನೇರ ಅಲ್ಲಿಗೇ ಮುಳ್ಳು ಇಡ್ತೀನಿ.

ಒಂದು ನಷ್ಟ ಆಯ್ತು. 'ಸ್ಟಾರ್ಮಿ ಮಂಡೇ' ಈಗ ಒಳ್ಳೆ ಹಾಡು ಅಷ್ಟೇ. ನಿಧಾನದಲ್ಲಿ ಅದು ಬೇರೇನೋ ಆಗಿತ್ತು.

ಅಮ್ಮ ಅಂತೂ ಸಿಟ್ಟಾಗಿದ್ದಾರೆ. "ಇದೇನೇ ಇಷ್ಟು ಅವಸರ, ರೈಲು ತಪ್ಪಿಹೋಗುತ್ತಾ ಇವರಿಗೆ? ನಮ್ಮಣ್ಣ ಹಾಕ್ತಿದ್ದಾಗ ಹೀಗಿರಲಿಲ್ಲ" ಅಂತ. ಎಷ್ಟು ಹೇಳಿದ್ರೂ ಇದು ಸರಿ, ಅದು ತಪ್ಪು ಅಂತ ಒಪ್ಪಲ್ಲ.

ಹಳೇ ಪುಲ್ಲಿ ಅಮೃತಾಂಜನ್ ಡಬ್ಬೀಲಿ ಇಟ್ಟಿದ್ದೀನಿ. ಬದಲಾಯಿಸೋಕೆ ಒಂದು ಸ್ಕ್ರೂ ಸಡಿಲಿಸಿದ್ರೆ ಸಾಕು, ಎರಡು ನಿಮಿಷದ ಕೆಲಸ. ಭಾನುವಾರ ಊಟ ಆದ ಮೇಲೆ ಅಮ್ಮ ಚಾಪೆ ಹಾಸಿದ್ರೆ ಅದನ್ನ ಹಾಕ್ತೀನಿ. ಹೋದ ವಾರ ಎರಡನೇ ಸೈಡ್ ಹಾಕಿ ನಾನೂ ಪಕ್ಕದಲ್ಲಿ ಮಲಗಿದ್ದೆ. ಆ ಕೂಗು ಬರೋ ಹೊತ್ತಿಗೆ ಇಬ್ಬರೂ ಎಚ್ಚರ ಇರಲಿಲ್ಲ.